ಪರಲೋಕದ ನಿರೀಕ್ಷೆಯುಳ್ಳವರು ಅಳಬಾರದೇ?

ಪ್ರಶ್ನೆ (ಹುಮನಾಬಾದ್‌ನಿಂದ)

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ನಮ್ಮ ತಂದೆಯವರು ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಮಣ್ಣು ಮಾಡಿದ ದಿನ ಸಂದೇಶ ಕೊಟ್ಟ ಹಿರಿಯರೊಬ್ಬರು ಬೈಬಲಿನ 1 ಥೆಸಲೋನಿಕ ಪತ್ರದ 4:13 ಓದಿ, ಪರಲೋಕದ ನಿರೀಕ್ಷೆಯುಳ್ಳವರು ಅಳುವುದು ಅವಿಶ್ವಾಸದ ಗುರುತು ಎಂದರು. ಅಂದಿನಿಂದ ನಮ್ಮ ತಾಯಿಯವರು ಯಾರೆದುರಿಗೂ ಕಣ್ಣೀರು ಹಾಕದೆ ಒಳಗೊಳಗೇ ಕುಗ್ಗುತ್ತಿದ್ದಾರೆ. ಆ ವಚನದ ಅರ್ಥ ನಿಜವಾಗಿಯೂ ಅದೇ ಏನು? ಇನ್ನೊಂದು ಸಂದೇಹವೂ ಇದೆ: ತಂದೆಯವರು ಈಗಾಗಲೇ ಕ್ರಿಸ್ತನ ಬಳಿಯಲ್ಲಿದ್ದರೆ, ಕಡೇ ದಿನದ ಪುನರುತ್ಥಾನದಿಂದ, ಅಂದರೆ ಸತ್ತವರು ದೇಹಸಹಿತ ಎದ್ದುಬರುವುದರಿಂದ, ಅವರಿಗೆ ಹೊಸದಾಗಿ ಸಿಗುವುದೇನು?

ಉತ್ತರ (ಬೀದರ್‌ನಿಂದ)

ಸಹೋದರಿಯವರೇ, ಆ ಪತ್ರವನ್ನು ಬರೆದ ಅಪೊಸ್ತಲ ಪೌಲನು ದುಃಖಿಸಬೇಡಿ ಎಂದಷ್ಟೇ ಹೇಳಿ ನಿಲ್ಲಿಸಲಿಲ್ಲ. ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿ ಎಂದನು. ಕರ್ತನು ಬರುವುದಕ್ಕೆ ಮುಂಚೆಯೇ ಸತ್ತವರ ಗತಿ ಏನೆಂದು ಕಳವಳಗೊಂಡಿದ್ದ ಸಭೆಗೆ ಆತನು ಬರೆದ ಸಾಂತ್ವನದ ಮಾತದು, ಗದರಿಕೆಯಲ್ಲ. ಆ ಭಾಗವು ಮುಗಿಯುವುದೇ ಈ ಮಾತುಗಳಿಂದ ಒಬ್ಬರನ್ನೊಬ್ಬರು ಸಂತೈಸಿರಿ ಎಂಬ ಅಪ್ಪಣೆಯಿಂದ. ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕವನ್ನು ನೋಡಿರಿ. ತೆರೆದ ಪರಲೋಕವನ್ನೂ ದೇವರ ಬಲಗಡೆಯಲ್ಲಿ ನಿಂತಿದ್ದ ಯೇಸುವನ್ನೂ ಕಣ್ಣಾರೆ ಕಂಡು, ವಿಶ್ವಾಸದ ನಿಮಿತ್ತ ಕಲ್ಲೆಸೆತಕ್ಕೆ ಗುರಿಯಾಗಿ ಸತ್ತವನು ಸ್ತೆಫನನು. ಅವನು ಎಲ್ಲಿಗೆ ಹೋದನೆಂಬ ವಿಷಯದಲ್ಲಿ ಯಾರಿಗೂ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಆದರೂ ಅವನನ್ನು ಹೂಣಿಟ್ಟ ಭಕ್ತರು ಬಹಳವಾಗಿ ಗೋಳಾಡಿದರೆಂದು 8:2ರಲ್ಲಿದೆ, ಅದಕ್ಕಾಗಿ ಅವರನ್ನು ಯಾರೂ ಆಕ್ಷೇಪಿಸಲಿಲ್ಲ. ಸಾಯುವುದು ಲಾಭವೆಂದು ಫಿಲಿಪ್ಪಿಯವರಿಗೆ ಬರೆದ ಪೌಲನೇ ಅದೇ ಪತ್ರದಲ್ಲಿ, ರೋಗದಿಂದ ಸಾಯುವ ಹಾಗಿದ್ದ ತನ್ನ ಜೊತೆಕೆಲಸದವನಾದ ಎಪಫ್ರೊದೀತನು ಸತ್ತಿದ್ದರೆ ತನಗೆ ದುಃಖದ ಮೇಲೆ ದುಃಖ ಬರುತ್ತಿತ್ತೆಂದು ಒಪ್ಪಿಕೊಳ್ಳುತ್ತಾನೆ. ಸತ್ತುಹೋಗಿದ್ದ ಗೆಳೆಯ ಲಾಜರನನ್ನು ಇನ್ನೇನು ಎಬ್ಬಿಸಲಿದ್ದ ಯೇಸುವೂ ಅತ್ತನು. ಇಷ್ಟೆಲ್ಲ ಇರುವಾಗ, ವಿಧವೆಯೊಬ್ಬರ ಕಣ್ಣೀರನ್ನು ಅವಿಶ್ವಾಸವೆಂದು ಕರೆಯುವುದು ಬೋಧನೆಯಲ್ಲ, ಕಠೋರತೆ ಎಂದೇ ನನ್ನ ಅಭಿಪ್ರಾಯ.

ಉತ್ತರ (ಕಲಬುರಗಿಯಿಂದ)

ಎರಡನೆಯ ಸಂದೇಹದ ಬಗ್ಗೆ ಹೇಳುತ್ತೇನೆ. ನಮ್ಮ ನಿರೀಕ್ಷೆಯನ್ನು ಆತ್ಮವು ಮೇಲಕ್ಕೆ ಹೋಗುವುದಷ್ಟಕ್ಕೇ ಇಳಿಸಿಬಿಟ್ಟಿದ್ದೇವೆ. ಆರಾಧನೆಯಲ್ಲಿ ಹೇಳುವ ಅಪೊಸ್ತಲರ ವಿಶ್ವಾಸಪ್ರಮಾಣದಲ್ಲಾದರೋ ಶರೀರದ ಪುನರುತ್ಥಾನ ಎಂಬ ಮಾತು ಸ್ಪಷ್ಟವಾಗಿದೆ. ಈ ದೇಹವನ್ನು ಬಿಟ್ಟವರು ಕ್ರಿಸ್ತನ ಸಂಗಡ ಇರುತ್ತಾರೆ (ಫಿಲಿಪ್ಪಿ 1:23), ಅದು ನಿಜವಾದ ವಿಶ್ರಾಂತಿ, ಆದರೆ ಪೂರ್ಣವಾದದ್ದಲ್ಲ. 1 ಕೊರಿಂಥ 15ರಲ್ಲಿ ಎದ್ದುಬಂದ ಕ್ರಿಸ್ತನನ್ನು ಪ್ರಥಮಫಲ, ಅಂದರೆ ಬೆಳೆಯ ಮೊದಲ ಫಲ, ಎಂದು ಕರೆಯಲಾಗಿದೆ. ನಮ್ಮ ಭಾಗದ ರೈತರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ: ಹೊಲದಲ್ಲಿ ಸೀತನಿ (ಸುಟ್ಟ ಎಳೆ ಜೋಳದ ಕಾಳು) ತಿಂದವನಿಗೆ ಅದೇ ಹೊಲದ ಜೋಳದ ರಾಶಿ ಹಿಂದೆಯೇ ಬರುತ್ತದೆಂದು ಗೊತ್ತು. ಪ್ರಕಟನೆ 21ರಲ್ಲಿಯೂ ಪರಿಶುದ್ಧ ಪಟ್ಟಣವು ದೇವರ ಬಳಿಯಿಂದ ಇಳಿದುಬರುತ್ತದೆ, ದೇವರು ಮನುಷ್ಯರೊಡನೆ ವಾಸಿಸುತ್ತಾನೆ, ಕಣ್ಣೀರನ್ನೆಲ್ಲಾ ಒರೆಸುತ್ತಾನೆ. ಕಣ್ಣೀರು ಒರೆಸುವ ಕೆಲಸವನ್ನು ಆತನೇ ಆ ದಿನಕ್ಕೆಂದು ಇಟ್ಟುಕೊಂಡಿರುವಾಗ, ಅದನ್ನು ಇಂದೇ ಮುಗಿಸಿಬಿಡಿ ಎಂದು ನಿಮ್ಮ ತಾಯಿಯವರಿಗೆ ಹೇಳಲು ನಾವು ಯಾರು?

ಉತ್ತರ (ಯಾದಗಿರಿಯಿಂದ)

ಮೇಲಿನ ಅಣ್ಣನವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಪುನರುತ್ಥಾನದ ಆ ಉದ್ದವಾದ ಅಧ್ಯಾಯವು, ಕರ್ತನಲ್ಲಿ ನಿಮ್ಮ ಪ್ರಯಾಸ ವ್ಯರ್ಥವಲ್ಲ, ಆದ್ದರಿಂದ ಸ್ಥಿರವಾಗಿರಿ ಎಂದು ಮುಗಿಯುತ್ತದೆ. ಅದರ ಮುಂದಿನ ಸಾಲೇ, ಅಂದರೆ 16ನೆಯ ಅಧ್ಯಾಯದ ಆರಂಭವೇ, ದೇವಜನರಿಗಾಗಿ ಹಣ ಕೂಡಿಸುವ ವಿಷಯ. ಪರಲೋಕದ ಮಾತು ಇಹದ ಹೊಣೆಯನ್ನು ಮರೆಸುತ್ತದೆ ಎನ್ನುವವರು ಈ ಎರಡು ಅಧ್ಯಾಯಗಳನ್ನು ಒಟ್ಟಿಗೆ ಓದಬೇಕು.

ಪ್ರಶ್ನೆ ಕೇಳಿದವರು

ತಮ್ಮೆಲ್ಲರಿಗೂ ಕೃತಜ್ಞತೆಗಳು. ಸ್ತೆಫನನ ಭಾಗವನ್ನು ತಾಯಿಯವರಿಗೆ ಓದಿ ಹೇಳಿದೆ. ಅವರು ಅದನ್ನು ಇನ್ನೊಮ್ಮೆ ಓದಿಸಿಕೊಂಡರು. ವರುಷದ ಸ್ಮರಣೆಯ ಪ್ರಾರ್ಥನೆಗೆ ಯಾವ ಭಾಗ ಸೂಕ್ತ?

ಉತ್ತರ (ಬೀದರ್‌ನಿಂದ)

ರೋಮಾಪುರ 8:18ರಿಂದ 25. ನರಳುವಿಕೆಯೂ ನಿರೀಕ್ಷೆಯೂ ಅಲ್ಲಿ ಒಟ್ಟಿಗೇ ಇವೆ. ಸಂದೇಶ ಕೊಡುವವರಿಗೆ ತಾಯಿಯವರ ವಿಷಯವನ್ನು ಮೊದಲೇ ತಿಳಿಸಿರಿ.