ಅರ್ಥ ಬಾಯಿಪಾಠ ಇದೆ, ಆದರೆ ಜಿಆರ್‌ಇ ವಾಕ್ಯದಲ್ಲಿ ಪದ ಕೈಕೊಡುತ್ತೆ. ಏನು ಮಾಡಲಿ?

ಡೊಂಬಿವಲಿ_ಫಾಸ್ಟ್:
ಹತ್ತನೇ ತರಗತಿವರೆಗೆ ಮುಂಬೈಯಲ್ಲೇ ಕನ್ನಡ ಮಾಧ್ಯಮ, ಆಮೇಲೆ ಇಂಜಿನಿಯರಿಂಗ್. ಈಗ ಜಿಆರ್‌ಇ ತಯಾರಿ, ವಿದೇಶದಲ್ಲಿ ಮುಂದೆ ಓದಲು ಬರೆಯುವ ಪ್ರವೇಶ ಪರೀಕ್ಷೆ. ಕಿಂಗ್ಸ್ ಸರ್ಕಲ್‌ನ ಹಳೇ ಪುಸ್ತಕದವರ ಹತ್ತಿರ ಕೊಂಡ 3,500 ಪದಗಳ ಪಟ್ಟಿ ಇದೆ. ನೋಟ್‌ಬುಕ್ಕಿನ ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ ಅರ್ಥ ಬರೆದು ಉರು ಹೊಡೆಯುತ್ತಿದ್ದೇನೆ. ಪದ ಕೇಳಿದರೆ ಅರ್ಥ ಹೇಳಬಲ್ಲೆ, ಆದರೆ ಆರು ಆಯ್ಕೆ ಮುಂದಿಟ್ಟರೆ ಮೂರು ಒಂದೇ ಥರ ಕಾಣುತ್ತವೆ. ರೂಟ್ಸ್, ಅಂದರೆ ಪದಗಳ ಮೂಲಧಾತು, ಹಿಡಿದು ಕಲಿಯಿರಿ ಅಂತಾರೆ, ಅದು ನಿಜಕ್ಕೂ ಉಪಯೋಗವೇ? ಲೋಕಲ್‌ನಲ್ಲಿ ಹೋಗಿಬರುವ ಹೊತ್ತು ಬಿಟ್ಟರೆ ಬೇರೆ ಪುರುಸೊತ್ತಿಲ್ಲ.

ಮಾಟುಂಗಾ_ಮಾಣಿ:
ಮೊದಲು ಆ ಪುಸ್ತಕದ ಇಸವಿ ನೋಡಿ ಮಾರಾಯ್ರೆ. ಅದರಲ್ಲಿ ಆಂಟೊನಿಮ್ಸ್ (ವಿರುದ್ಧಾರ್ಥಕ), ಅನಾಲಜೀಸ್ (ಪದಜೋಡಿಗಳ ಸಂಬಂಧ) ಅಂತ ಅಧ್ಯಾಯ ಇದ್ದರೆ 2011ರ ಆಗಸ್ಟ್‌ಗಿಂತ ಹಿಂದಿನ ಪರೀಕ್ಷೆಯದ್ದು. ಆಗ ಒಂಟಿ ಪದ ಕೊಟ್ಟು ವಿರುದ್ಧಾರ್ಥ ಕೇಳುತ್ತಿದ್ದರು, ಉರು ಹೊಡೆದದ್ದಕ್ಕೆ ಬೆಲೆ ಇತ್ತು. ಈಗ ಪದ ಬರುವುದು ವಾಕ್ಯದೊಳಗೆ. ಸೆಂಟೆನ್ಸ್ ಈಕ್ವಿವಲೆನ್ಸ್‌ನಲ್ಲಿ ವಾಕ್ಯಕ್ಕೆ ಒಂದೇ ಅರ್ಥ ಕೊಡುವ ಪದಗಳನ್ನು ಆರರಲ್ಲಿ ಎರಡು ಆರಿಸಬೇಕು, ಎರಡೂ ಸರಿಯಿದ್ದರೆ ಮಾತ್ರ ಅಂಕ. ಟೆಕ್ಸ್ಟ್ ಕಂಪ್ಲೀಷನ್‌ನಲ್ಲಿ ಮೂರು ಖಾಲಿ ಜಾಗ ಇದ್ದರೆ ಮೂರೂ ಸರಿಯಾಗಬೇಕು. 2023ರ ಸೆಪ್ಟೆಂಬರ್‌ನಿಂದ ವರ್ಬಲ್ (ಇಂಗ್ಲಿಷ್ ಭಾಷೆಯ ಭಾಗ) ಅಂದರೆ 27 ಪ್ರಶ್ನೆಗೆ 41 ನಿಮಿಷ, ಪ್ಯಾಸೇಜ್ ಓದುವುದೂ ಅದರಲ್ಲೇ.

ನಿಮ್ಮ ತೊಂದರೆ ಇರುವುದು ಆ ಬಲಗಡೆಯ ಸಾಲಿನಲ್ಲಿ. ಫ್ರೂಗಲ್, ಪಾರ್ಸಿಮೋನಿಯಸ್, ಮೈಸರ್ಲಿ ಮೂರಕ್ಕೂ ‘ಜಿಪುಣ’ ಅಂತಲೇ ಬರೆದಿರುತ್ತೀರಿ. ಫ್ರೂಗಲ್ ಅಂದರೆ ಹಿತಮಿತವಾಗಿ ಖರ್ಚು ಮಾಡುವವ, ಅದು ಹೊಗಳಿಕೆ. ಪಾರ್ಸಿಮೋನಿಯಸ್ ಬಿಗಿಮುಷ್ಟಿಯವ, ಸಾಮಾನ್ಯವಾಗಿ ತೆಗಳಿಕೆ. ಮೈಸರ್ಲಿ ನೇರ ಬೈಗುಳ. ಹಾಗಾಗಿ ಪ್ರತಿ ಪದದ ಪಕ್ಕ ಪ್ಲಸ್, ಮೈನಸ್ ಅಥವಾ ಸೊನ್ನೆ ಹಾಕಿ. ಮೂರನ್ನೂ ಒಂದೇ ಪುಟದಲ್ಲಿ ಒಟ್ಟಿಗೆ ಬರೆಯಿರಿ, ವ್ಯತ್ಯಾಸ ಎದ್ದು ಕಾಣುತ್ತದೆ.

ನೋಟ್‌ಬುಕ್ ಬಿಟ್ಟು ಆಂಕಿ ಆ್ಯಪ್ ಹಾಕಿಕೊಳ್ಳಿ, ಮುಂದೆ ಪ್ರಶ್ನೆ ಹಿಂದೆ ಉತ್ತರ ಇರುವ ಕಾರ್ಡುಗಳನ್ನು ಅದು ದಿನಗಳ ಅಂತರ ಬಿಟ್ಟು ಮತ್ತೆ ಮತ್ತೆ ತೋರಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ಪುಕ್ಕಟೆ, ಐಫೋನ್‌ನಲ್ಲಿ ದುಡ್ಡು. ನೆಟ್ ಇಲ್ಲದೆಯೂ ನಡೆಯುತ್ತದೆ. ಕಾರ್ಡಿನ ಮುಂದೆ ಪದ ಬೇಡ, ಲರ್ನರ್ಸ್ ಡಿಕ್ಷನರಿಯ (ಇಂಗ್ಲಿಷ್ ಕಲಿಯುವವರಿಗಾಗಿ ಮಾಡಿದ ನಿಘಂಟು) ಉದಾಹರಣೆ ವಾಕ್ಯ ಹಾಕಿ ಪದದ ಜಾಗ ಖಾಲಿ ಬಿಡಿ. ಹಿಂದೆ ಪದ, ಒಂದು ಸಾಲಿನ ಇಂಗ್ಲಿಷ್ ವಿವರಣೆ, ಪ್ಲಸ್ಸೋ ಮೈನಸ್ಸೋ, ಮತ್ತೆ ಅದರ ಜೊತೆ ಸದಾ ಬರುವ ಪದ. ಈ ಕೊನೆಯದನ್ನು ಬಿಡಬೇಡಿ: ಮಿಟಿಗೇಟ್ (ತಗ್ಗಿಸು) ಜೊತೆಗೆ ರಿಸ್ಕ್, ಡ್ಯಾಮೇಜ್ ಬರುತ್ತವೆ, ‘ಅಗೇನ್‌ಸ್ಟ್’ ಸೇರುವುದು ಮಿಲಿಟೇಟ್‌ಗೆ (ಪ್ರತಿಕೂಲವಾಗು). ಇವೆರಡನ್ನು ಅದಲುಬದಲು ಮಾಡುವವರು ತುಂಬ.

ಹೊಸ ಕಾರ್ಡ್ ದಿನಕ್ಕೆ 10 ಸಾಕು. ಆ್ಯಪ್ ತಾನಾಗಿ 20 ಅಂತ ಇಟ್ಟಿರುತ್ತದೆ, ಹಾಗೇ ಬಿಟ್ಟರೆ ಕೆಲವೇ ವಾರಗಳಲ್ಲಿ ಪುನರಾವರ್ತನೆಯೇ ದಿನಕ್ಕೆ 100 ದಾಟಿ, ಒಂದು ದಿನ ತಪ್ಪಿದರೆ ಗುಡ್ಡೆ ಬೀಳುತ್ತದೆ. ಬೆಳಿಗ್ಗೆಯ ಫಾಸ್ಟ್‌ನಲ್ಲಿ ಮೊಬೈಲ್ ಹೊರಗೆ ತೆಗೆಯಲಿಕ್ಕೇ ಆಗುವುದಿಲ್ಲ. ಡೊಂಬಿವಲಿಯಿಂದಲೇ ಹೊರಡುವ ಸ್ಲೋ ಲೋಕಲ್‌ನಲ್ಲಿ ಸೀಟು ಸಿಕ್ಕರೆ ಠಾಣೆ ಬರುವುದರೊಳಗೆ ಅರ್ಧ ಕೆಲಸ ಮುಗಿದೀತು.

ಪುಣೆ_ಧಾರವಾಡ:
ರೂಟ್ಸ್ ಬಗ್ಗೆ ನಾ ಹೇಳ್ತೀನ್ರಿ. ಎಲ್ಲಾರೂ ಲ್ಯಾಟಿನ್ ಪಟ್ಟಿ ಹಿಡಕೊಂಡ ಕೂಡ್ತಾರ. ಕನ್ನಡ ಮಾಧ್ಯಮದಾಗ ಕಲ್ತವರಿಗೆ ಅರ್ಧ ದಾರಿ ಮೊದಲs ಗೊತ್ತಿರತೈತಿ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದs ಮೂಲದ್ದು ಇರಬೇಕಂತ ಭಾಷಾ ಪಂಡಿತ ವಿಲಿಯಂ ಜೋನ್ಸ್ 1786ರಾಗ ಕಲಕತ್ತಾದಾಗ ಹೇಳಿದ್ದರಲ್ಲ, ಅದು ಇಲ್ಲಿ ಉಪಯೋಗಕ್ಕ ಬರತೈತಿ. ಅ + ಜ್ಞ, ಅಗ್ನಾಸ್ಟಿಕ್: ಅಜ್ಞೇಯವಾದಿ. ದುಸ್ ಅನ್ನೋದು ಗ್ರೀಕಿನಾಗ ಡಿಸ್, ಡಿ-ವೈ-ಎಸ್. ಡಿಸ್ಪೆಪ್ಟಿಕ್ ಬಿಡಿಸಿದ್ರ ದುಸ್ + ಪಚನ. ಅಜೀರ್ಣದವ, ಅದರ ಮ್ಯಾಲಿಂದ ಸಿಡುಕ. ಪರಿ ಅಂದ್ರ ಪೆರಿ, ಪೆರಿಫೆರಿ ಅಂದ್ರ ಪರಿಧಿ. ವಾಕ್ ಅಂದ್ರ ವೋಕ್: ವೊಸಿಫೆರಸ್ (ಗಟ್ಟಿಯಾಗಿ ಕೂಗಾಡೋದು), ಈಕ್ವಿವೋಕಲ್. ಈಕ್ವಿವೋಕಲ್ ಅಂದ್ರ ಅಡ್ಡಗೋಡೆ ಮ್ಯಾಲೆ ದೀಪ ಇಟ್ಟಂಥ ಮಾತು.

ಆದ್ರ ಬೇರು ನಂಬಿ ಕುರುಡರಂಗ ಹೋಗಬ್ಯಾಡ್ರಿ. ಹೋಮೋಜೀನಿಯಸ್‌ನಾಗಿನ ಹೋಮೋ ಗ್ರೀಕ್, ಅರ್ಥ ‘ಸಮ’. ಹೋಮಿಸೈಡ್‌ನಾಗಿಂದು ಲ್ಯಾಟಿನ್, ಅರ್ಥ ‘ಮನುಷ್ಯ’. ಪೆಡೆಸ್ಟ್ರಿಯನ್‌ನಾಗ ಪಾದ, ಪೆಡಗಾಜಿಯೊಳಗ ಮಗು. ಡಿ-ಐ-ಎಸ್ ಅಂತ ಬರೆಯೋ ಡಿಸ್ ಬ್ಯಾರೆನs ಐತಿ. ಎನರ್ವೇಟ್ ಅಂದ್ರ ಎನರ್ಜಿ ಕೊಡೋದಲ್ಲ, ಶಕ್ತಿ ಹೀರೋದು. ನಾಯ್ಸಮ್‌ಗೂ ಸದ್ದಿಗೂ ಸಂಬಂಧ ಇಲ್ಲ, ಅದು ದುರ್ವಾಸನೆ. ಬೇರಿನಿಂದ ಊಹೆ ಮಾಡ್ರಿ, ಡಿಕ್ಷನರಿಯಾಗ ಖಾತ್ರಿ ಮಾಡ್ಕೋರಿ. ಕಲ್ತ ಪದ ನೆನಪಿನಾಗ ನಿಲ್ಲಸಾಕ ಬೇರು ಛಲೋ, ಹೊಸ ಪದದ ಅರ್ಥ ಕಂಡುಹಿಡಿಯಾಕ ಅಷ್ಟಕ್ಕಷ್ಟs.

ಡೊಂಬಿವಲಿ_ಫಾಸ್ಟ್:
ಪುಸ್ತಕ ನೋಡಿದೆ, ಅನಾಲಜೀಸ್ ಇದೆ! ಹಾಗಾದರೆ ಪಟ್ಟಿಯನ್ನೇ ಬಿಟ್ಟುಬಿಡಲೇ?

ವಾಶಿ_ವಾಚಕಿ:
ಪದಗಳು ಹಳತಾಗಿಲ್ಲ, ಪಟ್ಟಿ ಇರಲಿ. ಬರೀ ಪಟ್ಟಿ ನಂಬಿದರೆ ತಪ್ಪಿಹೋಗುವುದು ಗೊತ್ತಿರುವ ಪದಗಳ ಗೊತ್ತಿಲ್ಲದ ಅರ್ಥ. ಕ್ವಾಲಿಫೈ ಅಂದರೆ ಹೇಳಿದ ಮಾತಿಗೆ ಮಿತಿ ಹಾಕುವುದು. ಚೆಕ್, ಅರೆಸ್ಟ್ ಎರಡೂ ತಡೆಯುವುದು. ಫ್ಲ್ಯಾಗ್ ಅಂದರೆ ಉತ್ಸಾಹ ಕುಗ್ಗುವುದು, ವಾಂಟ್ ಅಂದರೆ ಕೊರತೆ, ಟೆಂಪರ್ ಅಂದರೆ ತೀವ್ರತೆ ತಗ್ಗಿಸುವುದು, ಪೆಡೆಸ್ಟ್ರಿಯನ್ ಅಂದರೆ ಸಪ್ಪೆ. ಸ್ಯಾಂಕ್ಷನ್‌ಗೆ ಒಪ್ಪಿಗೆ, ನಿರ್ಬಂಧ ಎರಡೂ ಅರ್ಥ. ಇಂಥವಕ್ಕೆ ಒಂದೊಂದು ಅರ್ಥಕ್ಕೆ ಒಂದೊಂದು ಕಾರ್ಡ್ ಮಾಡಿ.

ಮಾಟುಂಗಾದವರ ಒಂದು ಮಾತು ಮಾತ್ರ ಒಪ್ಪಲಾರೆ. ಮೂರು ಸಮಾನಾರ್ಥಕಗಳನ್ನು ಹೊಸದಾಗಿ ಒಂದೇ ದಿನ ಕಲಿತರೆ ಒಂದರ ಅರ್ಥ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಒಂದು ಗಟ್ಟಿಯಾದ ಮೇಲೆ, ವಾರ ಹತ್ತು ದಿನ ಬಿಟ್ಟು ಎರಡನೆಯದು ತನ್ನಿ. ಒಂದೇ ಪುಟದಲ್ಲಿ ಹೋಲಿಸುವುದು ಮೂರೂ ಪರಿಚಯವಾದ ಮೇಲೆ. ಪ್ರಿಸ್ಕ್ರೈಬ್ (ವಿಧಿಸು), ಪ್ರೊಸ್ಕ್ರೈಬ್‌ನಂಥ (ನಿಷೇಧಿಸು) ಸದ್ದು ಹೋಲುವ ಜೋಡಿಗೂ ಇದೇ ನಿಯಮ.

ಎಂಟು ಸಲ ಮರೆತ ಕಾರ್ಡಿಗೆ ಆಂಕಿ ‘ಲೀಚ್’, ಅಂದರೆ ಜಿಗಣೆ, ಅಂತ ಗುರುತು ಹಾಕುತ್ತದೆ. ಅದನ್ನೇ ಮತ್ತೆ ಮತ್ತೆ ತಿಕ್ಕಬೇಡಿ, ಯಾವ ಪದದ ಜೊತೆ ಗೊಂದಲ ಆಗುತ್ತಿದೆ ಹುಡುಕಿ. ಸಿಕ್ಕಿದರೆ ಎರಡರಲ್ಲಿ ಒಂದನ್ನು ತಿಂಗಳ ಮಟ್ಟಿಗೆ ಸಸ್ಪೆಂಡ್ ಮಾಡಿ, ಅಂದರೆ ಆ್ಯಪ್ ತೋರಿಸದಂತೆ ತಡೆಹಿಡಿಯಿರಿ. ಸಿಗದಿದ್ದರೆ ಕಾರ್ಡಿನ ವಾಕ್ಯವೇ ಸರಿಯಿಲ್ಲ, ಬೇರೆ ವಾಕ್ಯ ಹಾಕಿ.