ಯಕ್ಷಗಾನ, ಕಂಬಳ, ಹಕ್ಕಿ: ಮುಂದಿನ ಕ್ಯಾಮೆರಾದಿಂದ ನಾವು ಏನು ಕೇಳಬೇಕು?

ಕರಾವಳಿ_ಫ್ರೇಮ್:

ಮೆಗಾಪಿಕ್ಸೆಲ್ ಮಾತು ಬಿಟ್ಟುಬಿಡೋಣ. 24 ಇದ್ದರೆ ಪತ್ರಿಕೆಗೂ ಸಾಕು, ಗೋಡೆಗೆ ಹಾಕುವ ಪ್ರಿಂಟಿಗೂ ಸಾಕು. ರಾತ್ರಿಯ ಯಕ್ಷಗಾನ, ಕಂಬಳ, ಮಳೆಗಾಲದ ಮಲೆನಾಡು, ಹಕ್ಕಿ ಇಷ್ಟನ್ನು ತೆಗೆಯುವವರಿಗೆ ಮುಂದಿನ ಐದಾರು ವರ್ಷದಲ್ಲಿ ಬರುವ ಕ್ಯಾಮೆರಾದಲ್ಲಿ ಏನೇನು ಇರಬೇಕು?

ನನ್ನ ಪಟ್ಟಿ ಹೀಗಿದೆ. ಎಲ್‌ಇಡಿ ಬೆಳಕಿನಲ್ಲಿ ಪಟ್ಟೆ ಬೀಳದ ಶಟರ್. ಐಎಸ್‌ಒ 12800ರಲ್ಲೂ (ಐಎಸ್‌ಒ ಅಂದರೆ ಸೆನ್ಸರ್ ಬೆಳಕಿಗೆ ಸ್ಪಂದಿಸುವ ಅಳತೆ) 400ರಷ್ಟು ಸ್ವಚ್ಛವಾಗಿ ಕಾಣುವ ಸೆನ್ಸರ್. ಬಟನ್ ಒತ್ತುವುದಕ್ಕೆ ಮುಂಚಿನ ಕ್ಷಣವನ್ನೂ ಸಂಸ್ಕರಿಸದ ಮೂಲ ರಾ ಫೈಲ್‌ನಲ್ಲೇ ಉಳಿಸುವ ಸೌಲಭ್ಯ. ಬಣ್ಣದ ವೇಷದ (ಯಕ್ಷಗಾನದ ರಾಕ್ಷಸ ಪಾತ್ರ) ಕೆಂಪು ಹಾಳಾಗುವ ಮೊದಲೇ ಎಚ್ಚರಿಸುವ ಮೀಟರ್.

ಇದರಲ್ಲಿ ಯಾವುದು ಆಗಲೇ ಬಂದಿದೆ, ಯಾವುದಕ್ಕೆ ಏನು ಕಳೆದುಕೊಳ್ಳಬೇಕು, ಯಾವುದು ಆಗುವ ಮಾತೇ ಅಲ್ಲ? ಬಲ್ಲವರು ಲೆಕ್ಕ ಸಮೇತ ಹೇಳಿ.

ಪರದೆ_ಹಿಂದೆ:

ಶಟರ್ ವಿಷಯ ನಾನು ಹೇಳ್ತೀನಿ. ಗ್ಲೋಬಲ್ ಶಟರ್ (ಇಡೀ ಸೆನ್ಸರನ್ನು ಒಂದೇ ಕ್ಷಣದಲ್ಲಿ ತೆರೆದು ಮುಚ್ಚುವಂಥದ್ದು) ಬಂದರೆ ಎಲ್ಲ ಸರಿಹೋಗುತ್ತೆ ಅನ್ನೋದು ಅರ್ಧ ಮಾತ್ರ ನಿಜ.

ಈಗಿನ ಹೆಚ್ಚಿನ ಸೆನ್ಸರ್‌ಗಳು ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಂದಾದ ಮೇಲೊಂದು ಓದಿಕೊಂಡು ಬರುತ್ತವೆ. ಈ ಓದಿಗೆ ಹಿಡಿಯುವ ಸಮಯವೇ ಎಲ್ಲದರ ಮೂಲ. ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಓದು ಮುಗಿಯಲು 1/30 ಸೆಕೆಂಡ್ ಬೇಕು ಅಂತಿಟ್ಟುಕೊಳ್ಳಿ. ಕಂಬಳದ ಕೋಣ ಸೆಕೆಂಡಿಗೆ 10 ಮೀಟರ್ ಓಡಿದರೆ ಅಷ್ಟರಲ್ಲಿ 33 ಸೆಂಟಿಮೀಟರ್ ಮುಂದೆ ಹೋಗಿರುತ್ತೆ. ಶಟರ್ 1/2000 ಇಟ್ಟರೂ ಇದು ತಪ್ಪಲ್ಲ. ಕಾಲು ಚೂಪಾಗೇ ಬರುತ್ತೆ, ಆದರೆ ಓರೆಯಾಗಿ. ಕೋಣದ ಜೊತೆಗೆ ಪ್ಯಾನ್ ಮಾಡಿದರೆ ಕೋಣ ನೆಟ್ಟಗಿರುತ್ತೆ, ಹಿಂದಿನ ಕಂಬಗಳು ವಾಲುತ್ತವೆ. ನಿಕಾನ್ ಝಡ್9ರಂಥ ಸ್ಟ್ಯಾಕ್ಡ್ (ಓದುವ ಸರ್ಕ್ಯೂಟ್ ಹಿಂದಿನ ಪದರದಲ್ಲಿರುವ) ಸೆನ್ಸರ್ ಇದನ್ನೇ ಸುಮಾರು 4 ಮಿಲಿಸೆಕೆಂಡಿನಲ್ಲಿ ಮುಗಿಸುತ್ತೆ. ಆಗ ಓರೆ ಬರೀ 4 ಸೆಂಟಿಮೀಟರ್, ಕಣ್ಣಿಗೆ ಕಾಣಲ್ಲ. ಝಡ್9ರಿಂದ ಮೆಕ್ಯಾನಿಕಲ್ ಶಟರನ್ನೇ ತೆಗೆದುಹಾಕಲು ಸಾಧ್ಯವಾಗಿದ್ದು ಇದರಿಂದಲೇ. ಅಂದರೆ ಕಂಬಳಕ್ಕೆ ಗ್ಲೋಬಲ್ ಶಟರ್ ಅನಿವಾರ್ಯ ಅಲ್ಲ, ವೇಗದ ಓದು ಸಾಕು.

ಈಗ ಎಲ್‌ಇಡಿ. ರಂಗಸ್ಥಳಕ್ಕೆ ಕಟ್ಟುವ ಎಲ್‌ಇಡಿ ಪಾರ್ ಲೈಟ್‌ಗಳು ಬೆಳಕು ಕಡಿಮೆ ಮಾಡೋದು ಅತಿ ವೇಗವಾಗಿ ಆರಿಸಿ ಉರಿಸಿ. ಸೆನ್ಸರ್ ಸಾಲುಸಾಲಾಗಿ ಓದುವಾಗ ಕೆಲವು ಸಾಲಿಗೆ ಉರಿದ ಬೆಳಕು ಹೆಚ್ಚು ಸಿಗುತ್ತೆ, ಕೆಲವಕ್ಕೆ ಕಡಿಮೆ. ಪಟ್ಟೆ ಬೀಳೋದು ಹೀಗೆ. ಗ್ಲೋಬಲ್ ಶಟರ್‌ನಲ್ಲಿ ಎಲ್ಲ ಸಾಲೂ ಒಟ್ಟಿಗೇ ತೆರೆದು ಒಟ್ಟಿಗೇ ಮುಚ್ಚುವುದರಿಂದ ಪಟ್ಟೆ ಹೋಗುತ್ತೆ, ಆದರೆ ಮಿನುಗು ಹೋಗಲ್ಲ. ಅದು ಫ್ರೇಮಿನ ಒಳಗಿಂದ ಎರಡು ಫ್ರೇಮಿನ ನಡುವೆ ಬರುತ್ತೆ, ಅಷ್ಟೆ. ಒಂದು ಫ್ರೇಮ್ ಬೆಳಕು, ಮುಂದಿನದು ಕಪ್ಪು, ಅದರ ಮುಂದಿನದು ನೀಲಿಗೆ ತಿರುಗಿದ್ದು. ಕೆಂಪು, ಹಸಿರು, ನೀಲಿ ಎಲ್‌ಇಡಿಗಳು ಬೇರೆ ಬೇರೆಯಾಗಿ ಮಿನುಗುವುದರಿಂದ ಬಣ್ಣವೂ ಬದಲಾಗುತ್ತೆ.

ಇದರ ಬೆಲೆಯನ್ನೂ ನೋಡಿ. 2023ರ ಕೊನೆಗೆ ಘೋಷಣೆಯಾದ ಸೋನಿ ಎ9 ಮಾರ್ಕ್ 3 ದೊಡ್ಡ ಸೆನ್ಸರಿನ ಫುಲ್ ಫ್ರೇಮ್‌ನಲ್ಲಿ ಗ್ಲೋಬಲ್ ಶಟರ್ ತಂದಿತು. ಓದುವ ತನಕ ಪ್ರತಿ ಪಿಕ್ಸೆಲ್ ತನ್ನ ಚಾರ್ಜನ್ನು ತನ್ನೊಳಗೇ ಬಚ್ಚಿಡಬೇಕು. ಆ ಜಾಗ ಬೆಳಕು ಹಿಡಿಯುವ ಭಾಗದಿಂದಲೇ ಹೋಗುತ್ತೆ. ಅದಕ್ಕೇ ಅದರ ಮೂಲ ಐಎಸ್‌ಒ 250. ಐಎಸ್‌ಒ 64ರಿಂದ ಶುರುವಾಗುವ ಕ್ಯಾಮೆರಾ ತುಂಬಿಕೊಳ್ಳುವ ಬೆಳಕಿಗಿಂತ ಸುಮಾರು 2 ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ) ಕಡಿಮೆ. ಬದಲಿಗೆ ಸಿಗುವ ನಿಜವಾದ ವರ ಫ್ಲಾಶ್, ಅದು ಯಾವ ಶಟರ್ ವೇಗದಲ್ಲೂ ಹೊಂದುತ್ತೆ. ಬಿಸಿಲಿನಲ್ಲಿ 1/250, ಎಫ್ 11ಕ್ಕೆ (ಲೆನ್ಸ್ ಬಾಯಿಯ ಅಳತೆ, ಅಂಕಿ ಚಿಕ್ಕದಾದಷ್ಟೂ ಬಾಯಿ ದೊಡ್ಡದು) ಸಿಕ್ಕಿಬೀಳುವವರು 1/4000, ಎಫ್ 2.8ರಲ್ಲಿ ತೆಗೆಯಬಹುದು. ಒಂದು ಎಚ್ಚರಿಕೆ: ಪೂರ್ತಿ ಪವರ್‌ನಲ್ಲಿ ಫ್ಲಾಶ್ ಉರಿಯುವ ಅವಧಿಯೇ 1/4000ಕ್ಕಿಂತ ಎಷ್ಟೋ ಉದ್ದ, ಶಟರ್ ಅದನ್ನು ನಡುವೆಯೇ ಕತ್ತರಿಸುತ್ತೆ. ಪವರನ್ನು 1/8 ಅಥವಾ 1/16ಕ್ಕೆ ಇಳಿಸಿ ಫ್ಲಾಶನ್ನು ಹತ್ತಿರ ತರಬೇಕು.

ನನ್ನ ಬೇಡಿಕೆ ಗ್ಲೋಬಲ್ ಶಟರ್ ಅಲ್ಲ. ಪ್ರತಿ ಬಣ್ಣದ ಎಲ್‌ಇಡಿಯ ಮಿನುಗನ್ನೂ ಬೇರೆ ಬೇರೆ ಅಳೆದು, ಎಲ್ಲದಕ್ಕೂ ಹೊಂದುವ ಶಟರ್ ವೇಗವನ್ನು ತಾನೇ ಹುಡುಕಿಕೊಡುವ ಮೀಟರ್. ಅರ್ಧ ದಾರಿ ಆಗಿದೆ. 2014ರ ಕ್ಯಾನನ್ 7ಡಿ ಮಾರ್ಕ್ 2 ಟ್ಯೂಬ್‌ಲೈಟಿನ 100 ಹರ್ಟ್ಜ್ ಮಿನುಗಿನ ತುದಿ ನೋಡಿ ಶಟರ್ ಬಿಡುತ್ತಿತ್ತು. ಕ್ಯಾನನ್ ಆರ್3 ಅದಕ್ಕಿಂತ ವೇಗದ ಎಲ್‌ಇಡಿ ಮಿನುಗನ್ನೂ ಅಳೆದು ಶಟರ್ ಹೊಂದಿಸುತ್ತೆ.

ಅದಿಲ್ಲದ ಕ್ಯಾಮೆರಾದಲ್ಲಿ ಕೈಯಾರೆ ಹೀಗೆ ಮಾಡಿ. ಚೌಕಿಯ (ವೇಷ ಕಟ್ಟುವ ಜಾಗ) ಹತ್ತಿರ ಬೆಳಕು ಪರೀಕ್ಷಿಸುವಾಗ ಒಂದು ಬಿಳಿ ಪಂಚೆಯನ್ನು ಆ ಲೈಟಿಗೆ ಹಿಡಿಸಿ, ಎಲೆಕ್ಟ್ರಾನಿಕ್ ಶಟರ್ 1/4000ರಲ್ಲಿ ಫ್ರೇಮ್ ತುಂಬ ತೆಗೆಯಿರಿ. ಕಪ್ಪು ಪಟ್ಟೆ ಎಷ್ಟು, ಎಣಿಸಿ. ನಿಮ್ಮ ಸೆನ್ಸರಿನ ಓದಿನ ಸಮಯ 1/60 ಆಗಿದ್ದು 20 ಪಟ್ಟೆ ಬಂದರೆ 20 × 60, ಅಂದರೆ ಮಿನುಗು 1200 ಹರ್ಟ್ಜ್. ಶಟರ್ ತೆರೆದಿರುವಷ್ಟು ಹೊತ್ತಿನಲ್ಲಿ ಪೂರ್ತಿ ಸುತ್ತುಗಳೇ ಬರಬೇಕು: 1/600 (ಎರಡು ಸುತ್ತು), 1/400 (ಮೂರು), 1/300 (ನಾಲ್ಕು). 1/400 ಹೆಚ್ಚಿನ ಕ್ಯಾಮೆರಾದಲ್ಲಿ ಇದೆ, ಅದನ್ನೇ ಇಡಿ. 1/500 ಇಟ್ಟರೆ 2.4 ಸುತ್ತು, ಪಟ್ಟೆ ಮತ್ತೆ ಹಾಜರ್. ಇನ್ನೂ ಸುಲಭದ ದಾರಿ, ಲೈಟಿನವರ ಹತ್ತಿರ ಮಾತಾಡಿ ಮುಖದ ಮೇಲೆ ಬೀಳುವ ಬಿಳಿ ಲೈಟನ್ನು ಪೂರ್ತಿ ಏರಿಸಿಡಲು ಹೇಳಿ. ಡಿಮ್ ಮಾಡದಿದ್ದರೆ ಆರಿಸಿ ಉರಿಸುವ ಪ್ರಶ್ನೆಯೇ ಇಲ್ಲ.

ಫೋಟಾನ್_ಲೆಕ್ಕ:

ಎರಡನೇ ಆಸೆ ಈಡೇರಲ್ಲ ಸರ್. ಯಾವ ಕಂಪನಿ ಏನೇ ಹೇಳಲಿ.

12800ರಿಂದ 400ಕ್ಕೆ 5 ಸ್ಟಾಪ್. ಕತ್ತಲಲ್ಲಿ ಕಾಳುಕಾಳಾಗಿ ಕಾಣುವ ನಾಯ್ಸ್‌ನ ಹೆಚ್ಚಿನ ಪಾಲು ಸೆನ್ಸರಿನದ್ದಲ್ಲ, ಬೆಳಕಿನದ್ದೇ. ಫೋಟಾನ್‌ಗಳು ಸಮನಾಗಿ ಬೀಳುವುದಿಲ್ಲ. 100 ಫೋಟಾನ್ ಬೀಳುವ ಕಡೆ ಹತ್ತರಷ್ಟು ಏರುಪೇರು ಇದ್ದೇ ಇರುತ್ತದೆ, 10,000 ಬೀಳುವ ಕಡೆ ನೂರರಷ್ಟು. ಮೊದಲನೆಯದು ಶೇಕಡಾ 10, ಎರಡನೆಯದು ಶೇಕಡಾ 1. ಒಳ್ಳೆಯ ಸೆನ್ಸರ್‌ಗಳು ಫಿಲ್ಟರ್ ದಾಟಿ ಬಂದ ಫೋಟಾನ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಈಗಲೇ ಹಿಡಿಯುತ್ತವೆ. ನೂರಕ್ಕೆ ನೂರು ಹಿಡಿದರೂ ಸಿಗುವ ಲಾಭ ಒಂದು ಸ್ಟಾಪಿಗಿಂತ ಕಡಿಮೆ. ಪ್ರತಿ ಪಿಕ್ಸೆಲ್ ಮೇಲಿನ ಬಣ್ಣದ ಫಿಲ್ಟರ್ ಉಳಿದೆರಡು ಬಣ್ಣಗಳನ್ನು ತಡೆದು ಎಸೆಯುತ್ತದೆ. ಆ ಬೆಳಕನ್ನು ಎಸೆಯದೆ ಬೇರ್ಪಡಿಸುವ ವಿಧಾನ ಬಂದರೆ ಇನ್ನೊಂದು ಸ್ಟಾಪಿನ ಆಸುಪಾಸು. ಅಲ್ಲಿಗೆ ಮುಗಿಯಿತು.

ಉಳಿದದ್ದನ್ನು ನೀವೇ ತರಬೇಕು. ಎಫ್ 4 ಲೆನ್ಸ್ ಬಿಟ್ಟು ಎಫ್ 1.8 ಹಾಕಿದರೆ 2 ಸ್ಟಾಪಿಗಿಂತ ಸ್ವಲ್ಪ ಹೆಚ್ಚು. ಚಿಕ್ಕ ಎಪಿಎಸ್-ಸಿ ಸೆನ್ಸರ್ ಬಿಟ್ಟು ಫುಲ್ ಫ್ರೇಮ್ ಹಿಡಿದರೆ ಒಂದಕ್ಕಿಂತ ಸ್ವಲ್ಪ ಹೆಚ್ಚು. ಭಾಗವತರು ಪದ ಹೇಳುತ್ತಾ ಕೂತಿರುವಾಗ 1/500 ಯಾಕೆ? 1/125 ಸಾಕು, ಅಲ್ಲೇ 2 ಸ್ಟಾಪ್ ಉಳಿಯಿತು. ಧಿಗಿಣಕ್ಕೆ (ಗಿರಗಿರನೆ ಸುತ್ತುವ ಕುಣಿತ) ಮಾತ್ರ 1/800ಕ್ಕೆ ಹೋಗಿ. ಈ ಎರಡು ಸೆಟ್ಟಿಂಗನ್ನು ಎರಡು ಕಸ್ಟಮ್ ಬಟನ್‌ಗೆ ಹಾಕಿಟ್ಟುಕೊಂಡರೆ ಹೊಸ ಸೆನ್ಸರಿಗಿಂತ ಹೆಚ್ಚು ಲಾಭ.

ಸೆನ್ಸರ್ ಕಡೆಯಿಂದ ಕೇಳಬೇಕಾದ್ದು ಇನ್ನೊಂದಿದೆ. ಒಂದೇ ಎಕ್ಸ್‌ಪೋಶರನ್ನು ಎರಡು ಗೇನ್‌ನಲ್ಲಿ (ಸಂಕೇತ ಹಿಗ್ಗಿಸುವ ಮಟ್ಟ) ಓದಿ ಕೂಡಿಸುವುದು. ಕಡಿಮೆ ಗೇನ್ ಕಿರೀಟದ ಹೊಳಪನ್ನು ಕಾಪಾಡುತ್ತದೆ, ಹೆಚ್ಚು ಗೇನ್ ನೆರಳನ್ನು. ಪ್ಯಾನಸಾನಿಕ್ 2022ರ ಜಿಎಚ್6ರಲ್ಲಿ ಇದನ್ನು ತಂದಿತು. ವೇಗದ ಸ್ಟಿಲ್ ಕ್ಯಾಮೆರಾಗಳಿಗೆಲ್ಲ ಇದು ಬರಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕೆರೆದಂಡೆ:

ಒತ್ತುವ ಮುಂಚಿನ ಫ್ರೇಮ್ ಬಗ್ಗೆ. ಇದು ಹೊಸದಲ್ಲ, ಒಲಿಂಪಸ್ ಇ-ಎಂ1 ಮಾರ್ಕ್ 2ರಲ್ಲಿ 2016ರಲ್ಲೇ ರಾ ಸಮೇತ ಇತ್ತು. ನಿಕಾನ್ ಝಡ್9ಗೆ 2022ರಲ್ಲಿ ಫರ್ಮ್‌ವೇರ್ ಮೂಲಕ ಬಂದಾಗ ಜೆಪೆಗ್ ಮಾತ್ರ. ಕ್ಯಾನನ್ ಆರ್5 ಮಾರ್ಕ್ 2 (2024) ಅರ್ಧ ಸೆಕೆಂಡ್ ಹಿಂದಿನ ರಾ ಕೊಡುತ್ತದೆ.

ಕಷ್ಟ ಎಲ್ಲಿದೆ ಅಂದರೆ: 45 ಮೆಗಾಪಿಕ್ಸೆಲ್‌ನ ಒಂದು ರಾ 50 ಎಂಬಿ ಅಂತ ಹಿಡಿದರೆ, 30 ಫ್ರೇಮ್ ವೇಗದಲ್ಲಿ ಅರ್ಧ ಸೆಕೆಂಡಿಗೆ 15 ಫ್ರೇಮ್, 750 ಎಂಬಿ. ಮಿಂಚುಳ್ಳಿ ಕೊಂಬೆ ಮೇಲೆ ಇಪ್ಪತ್ತು ನಿಮಿಷ ಕೂತರೆ ಅಷ್ಟು ಹೊತ್ತೂ ಸೆನ್ಸರ್ ಪೂರ್ತಿ ವೇಗದಲ್ಲಿ ಓದುತ್ತಲೇ ಇರಬೇಕು. ಬ್ಯಾಟರಿ ಕರಗುತ್ತೆ, ಬಾಡಿ ಬಿಸಿಯಾಗುತ್ತೆ. ಬೆರಳು ಅರ್ಧ ಒತ್ತಿಕೊಂಡೇ ಇರಬೇಡಿ. ಹಕ್ಕಿ ತಲೆ ಬಗ್ಗಿಸಿ ನೀರು ನೋಡಲು ಶುರುಮಾಡಿದಾಗ ಒತ್ತಿ, ತಲೆ ಎತ್ತಿದರೆ ಬಿಡಿ.

ನನ್ನ ಬೇಡಿಕೆ: ಗಮನಿಸುವ ಕೆಲಸ ಕ್ಯಾಮೆರಾದ್ದೇ ಆಗಲಿ. ಹಕ್ಕಿಯ ಕಣ್ಣು ಗುರುತಿಸುವ ಕ್ಯಾಮೆರಾಗೆ ರೆಕ್ಕೆ ಬಿಚ್ಚುವುದನ್ನು ಗುರುತಿಸಿ ಆಗ ಮಾತ್ರ ಬಫರ್ (ತಾತ್ಕಾಲಿಕವಾಗಿ ಹಿಡಿದಿಟ್ಟ ಫ್ರೇಮ್‌ಗಳು) ಉಳಿಸಲು ಹೇಳಿದರೆ ಮುಕ್ಕಾಲು ಕಸ ಕಾರ್ಡಿಗೇ ಬರುವುದಿಲ್ಲ.

ಕರಾವಳಿ_ಫ್ರೇಮ್:

ಎಲ್ಲರಿಗೂ ಧನ್ಯವಾದ. ಪಟ್ಟೆ ಎಣಿಸುವ ಲೆಕ್ಕ ಇವತ್ತೇ ಬರೆದಿಟ್ಟುಕೊಂಡೆ. ನಾಲ್ಕನೆಯದಕ್ಕೆ ಯಾರೂ ಕೈ ಹಾಕಲಿಲ್ಲ. ಕೆಂಪು ಲೈಟ್ ಬಿದ್ದಾಗ ಹಿಸ್ಟೋಗ್ರಾಂ (ಚಿತ್ರದ ಕತ್ತಲು ಬೆಳಕು ತೋರಿಸುವ ಗ್ರಾಫ್) ನಡುವೆಯೇ ಇರುತ್ತೆ, ಆದರೂ ಬಣ್ಣದ ವೇಷದ ಮುಖದಲ್ಲಿ ಚುಟ್ಟಿಯ ಬಿಳಿ ಚುಕ್ಕೆ ಯಾವುದು, ಕೆಂಪು ಬಣ್ಣ ಯಾವುದು ಗೊತ್ತಾಗದಂತೆ ಎಲ್ಲ ಒಂದೇ ಕೆಂಪು ಮುದ್ದೆ. ಯಾಕೆ?

ಮಸಿ_ಬೆಳಕು:

ಯಾಕೆಂದರೆ ನೀವು ನೋಡುತ್ತಿರುವುದು ರಾ ಫೈಲಿನ ಹಿಸ್ಟೋಗ್ರಾಂ ಅಲ್ಲ. ಕ್ಯಾಮೆರಾ ಒಂದು ಜೆಪೆಗ್ ಮಾಡಿ ಅದರ ಹಿಸ್ಟೋಗ್ರಾಂ ತೋರಿಸುತ್ತದೆ. ಅದೂ ಬಿಳಿ ಬಣ್ಣದ ಒಂದೇ ಗ್ರಾಫ್ ಆಗಿದ್ದರೆ ಅದರಲ್ಲಿ ಹಸಿರಿನ ಪಾಲೇ ಹೆಚ್ಚು. ಕೆಂಪು ಲೈಟಿನಲ್ಲಿ ಬಿಳಿ ಚುಟ್ಟಿಯೂ ಕೆಂಪು ಬಣ್ಣವೂ ಹಿಂದಿರುಗಿಸುವುದು ಕೆಂಪನ್ನೇ. ಕೆಂಪು ಚಾನೆಲ್ ತುಂಬಿ ಚೆಲ್ಲಿರುತ್ತದೆ, ಹಸಿರು ನೀಲಿ ಖಾಲಿ, ಸರಾಸರಿ ಮಾತ್ರ ನಡುವೆ. ಆ ಎರಡರ ನಡುವಿನ ವ್ಯತ್ಯಾಸ ಉಳಿಯುವುದು ಕೆಂಪು ಚಾನೆಲ್ ಚೆಲ್ಲದಿದ್ದರೆ ಮಾತ್ರ.

ಇಲ್ಲಿ ಮುಂದಿನ ತಂತ್ರಜ್ಞಾನಕ್ಕೆ ಕಾಯಬೇಕಾದ್ದೇ ಇಲ್ಲ. ಸೆನ್ಸರಿನ ಸಂಖ್ಯೆಗಳು ಕ್ಯಾಮೆರಾದೊಳಗೇ ಇವೆ. ಕ್ಯಾನನ್ ಡಿಎಸ್‌ಎಲ್‌ಆರ್‌ಗಳಿಗೆ ಹೊರಗಿನವರು ಬರೆದ ಮ್ಯಾಜಿಕ್ ಲ್ಯಾಂಟರ್ನ್ ಎಷ್ಟೋ ವರ್ಷ ಹಿಂದೆಯೇ ರಾ ಹಿಸ್ಟೋಗ್ರಾಂ ತೋರಿಸಿತು. ಹೊರಗಿನವರಿಂದ ಆದದ್ದು ತಯಾರಕರಿಂದ ಖಂಡಿತ ಆಗುತ್ತದೆ. ನಾವು ಒಂದೇ ಒಂದು ಸೌಲಭ್ಯ ಕೇಳುವುದಾದರೆ ಇದನ್ನೇ ಕೇಳಬೇಕು.

ಅಲ್ಲಿಯವರೆಗೆ ಹೀಗೆ. ಹಿಸ್ಟೋಗ್ರಾಂನಲ್ಲಿ ಮೂರು ಬಣ್ಣ ಬೇರೆ ಬೇರೆ ಕಾಣುವಂತೆ ಹಾಕಿ. ಪಿಕ್ಚರ್ ಪ್ರೊಫೈಲ್ ಫ್ಲಾಟ್ ಅಥವಾ ನ್ಯೂಟ್ರಲ್, ಕಾಂಟ್ರಾಸ್ಟ್ ಮತ್ತು ಸ್ಯಾಚುರೇಶನ್ ಕನಿಷ್ಠ, ಕಲರ್ ಸ್ಪೇಸ್ ಅಡೋಬಿ ಆರ್‌ಜಿಬಿ. ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣುವಂತೆ ಬಣ್ಣ ಹೊಂದಿಸುವುದು) ಆಟೋ ಬೇಡ, ಅದು ಲೈಟ್ ಬದಲಾದಂತೆಲ್ಲ ಕೆಂಪಿನ ಗುಣಕವನ್ನು ಬದಲಿಸಿ ಗ್ರಾಫ್ ಅಲ್ಲಾಡಿಸುತ್ತದೆ. ಹಗಲ ಬೆಳಕಿನ ವೈಟ್ ಬ್ಯಾಲೆನ್ಸ್‌ನಲ್ಲಿ ಸೆನ್ಸರಿನ ಕೆಂಪನ್ನು ಸುಮಾರು ಎರಡು ಪಟ್ಟು ಮಾಡಿ ತೋರಿಸುತ್ತಾರೆ. ಹಾಗಾಗಿ ಜೆಪೆಗ್‌ನ ಕೆಂಪು ಈಗಷ್ಟೇ ಗ್ರಾಫಿನ ಬಲತುದಿಯ ಗೋಡೆಗೆ ತಾಗಿದ್ದರೆ ರಾನಲ್ಲಿ ಹೆಚ್ಚುಕಡಿಮೆ ಒಂದು ಸ್ಟಾಪ್ ಜಾಗ ಉಳಿದಿರಬಹುದು. ಗೋಡೆಗೆ ಅಪ್ಪಳಿಸಿ ಎತ್ತರದ ಗೆರೆಯಾಗಿ ನಿಂತಿದ್ದರೆ ಹೋಯಿತು ಅಂತಲೇ ತಿಳಿಯಿರಿ.

ನಿಮ್ಮ ಕ್ಯಾಮೆರಾದಲ್ಲಿ ನಿಖರವಾಗಿ ಎಷ್ಟು ಜಾಗ ಇದೆ ಎಂದು ಮನೆಯಲ್ಲೇ ಅಳೆಯಬಹುದು. ಹಗಲಲ್ಲಿ ನೆರಳಿನ ಬಿಳಿ ಗೋಡೆ, ಟ್ರೈಪಾಡ್, ಮ್ಯಾನ್ಯುಯಲ್ ಮೋಡ್, ಮೂಲ ಐಎಸ್‌ಒ, ಲೆನ್ಸ್ ಔಟ್ ಆಫ್ ಫೋಕಸ್. ಸ್ಪಾಟ್ ಮೀಟರ್ (ಒಂದು ಸಣ್ಣ ಜಾಗದ ಬೆಳಕು ಅಳೆಯುವುದು) ಸೊನ್ನೆಗೆ ತಂದು, ಅಲ್ಲಿಂದ +2ಕ್ಕೆ ಹೋಗಿ, ಮೂರನೇ ಒಂದು ಸ್ಟಾಪಿನಂತೆ +4.3ರವರೆಗೆ ತೆಗೆಯಿರಿ. ಬದಲಿಸಬೇಕಾದ್ದು ಶಟರ್ ಮಾತ್ರ, ಅಪರ್ಚರ್ ಅಲ್ಲ. ಫೈಲ್‌ಗಳನ್ನು ರಾ ಸಂಖ್ಯೆ ತೋರಿಸುವ ರಾಡಿಗ್ಗರ್ ಅಥವಾ ಫಾಸ್ಟ್‌ರಾವ್ಯೂವರ್‌ನಲ್ಲಿ ತೆರೆದು ಯಾವ ಫ್ರೇಮಿನಲ್ಲಿ ಸಂಖ್ಯೆ ಏರುವುದು ನಿಲ್ಲುತ್ತದೆ ನೋಡಿ. ಗೋಡೆಯಲ್ಲಿ ಮೊದಲು ತುಂಬುವುದು ಹಸಿರು. 14 ಬಿಟ್ ಫೈಲಿನ ಮೇಲಿನ ಮಿತಿ 16383, ಕೆಲವು ಕ್ಯಾಮೆರಾ ಅದಕ್ಕೂ ಮೊದಲೇ ನಿಲ್ಲುತ್ತವೆ. ಉದಾಹರಣೆಗೆ +3.3ರಲ್ಲಿ ನಿಂತರೆ, ಬಿಳಿ ಲೈಟಿನಲ್ಲಿ ಚುಟ್ಟಿಯ ಮೇಲೆ ಸ್ಪಾಟ್ ಮೀಟರ್ ಇಟ್ಟು +3ರವರೆಗೆ ಧೈರ್ಯವಾಗಿ ಹೋಗಬಹುದು. ಬರೀ ಕೆಂಪು ಲೈಟಿಗೆ ಈ ಅಂಕಿ ಒಪ್ಪುವುದಿಲ್ಲ, ಮೀಟರ್ ಕೂಡ ಹಸಿರಿನ ಕಡೆಗೇ ವಾಲುತ್ತದೆ. ಅದಕ್ಕೆ ಅದೇ ಲೈಟಿನಲ್ಲಿ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಈ ಸಲ ಕೆಂಪು ಚಾನೆಲಿನ ಸಂಖ್ಯೆ ನೋಡಿ.

ಘಟ್ಟದ_ಮಳೆ:

ಎರಡು ಮಾತು ಸೇರಿಸುತ್ತೇನೆ. ಲೆನ್ಸ್ ಮೌಂಟ್ ಒಳಗೆ ತೇವಾಂಶ ಅಳೆಯುವ ಸಣ್ಣ ಸೆನ್ಸರ್ ಬೇಕು, ಆಗುಂಬೆಯ ಜುಲೈಗೆ ಇದಕ್ಕಿಂತ ಉಪಯುಕ್ತ ಭಾಗ ಇನ್ನೊಂದಿಲ್ಲ. ಅದು ಬರುವವರೆಗೆ ಡ್ರೈ ಕ್ಯಾಬಿನೆಟ್ 40ರಿಂದ 50 ಶೇಕಡಾದಲ್ಲಿಡಿ. ಎಸಿ ಕಾರಿನಿಂದ ಇಳಿಯುವಾಗ ಕ್ಯಾಮೆರಾವನ್ನು ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲೇ ಇಟ್ಟು, ಹೊರಗಿನ ಬಿಸಿಗೆ ಬಂದ ಮೇಲೆ ತೆಗೆಯಿರಿ.

ಇನ್ನೊಂದು, ಅನೇಕ ಫ್ರೇಮ್‌ಗಳ ಸರಾಸರಿಯನ್ನು ಕ್ಯಾಮೆರಾದೊಳಗೇ ಮಾಡಿ ಒಂದೇ ರಾ ಕೊಡುವುದು. ಒಲಿಂಪಸ್ ಇ-ಎಂ1ಎಕ್ಸ್ (2019) ಲೈವ್ ಎನ್‌ಡಿ ಹೆಸರಿನಲ್ಲಿ (ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರಿನಂತೆ) 5 ಸ್ಟಾಪ್‌ವರೆಗೆ ಕೊಟ್ಟಿತು, ಉಳಿದವರಿಗೂ ಸಾಧ್ಯ. 16 ಫ್ರೇಮ್ ಸರಾಸರಿ ಮಾಡಿದರೆ ನಾಯ್ಸ್ ನಾಲ್ಕನೇ ಒಂದು ಭಾಗ. ಫೋಟಾನ್_ಲೆಕ್ಕ ಅವರು ಹೇಳಿದ ಮಿತಿಯನ್ನು ದಾಟುವ ಪ್ರಾಮಾಣಿಕ ದಾರಿ ಇದೇ, ಯಾಕೆಂದರೆ ಇಲ್ಲಿ ನಿಜವಾಗಿಯೂ 16 ಪಟ್ಟು ಬೆಳಕು ಸೇರುತ್ತದೆ. ನಿಂತ ದೃಶ್ಯಕ್ಕೆ ಮಾತ್ರ, ಕುಣಿಯುವ ವೇಷಕ್ಕಲ್ಲ. ಈಗ ಮಾಡಬೇಕೆಂದರೆ ಟ್ರೈಪಾಡ್ ಮೇಲೆ 16 ಫ್ರೇಮ್ ತೆಗೆದು ಫೋಟೋಶಾಪ್‌ನಲ್ಲಿ ಒಂದೇ ಸ್ಮಾರ್ಟ್ ಆಬ್ಜೆಕ್ಟ್ ಮಾಡಿ ಸ್ಟ್ಯಾಕ್ ಮೋಡನ್ನು ಮೀನ್‌ಗೆ ಇಡಿ. ಜಲಪಾತದಲ್ಲಿ ನೀರು ಮೆಟ್ಟಿಲುಮೆಟ್ಟಿಲಾಗಿ ಕಂಡರೆ ಫ್ರೇಮ್‌ಗಳ ನಡುವೆ ಬಿಡುವು ಹೆಚ್ಚಾಗಿದೆ ಎಂದರ್ಥ. ಶಟರನ್ನು 1/60ರಿಂದ 1/8ಕ್ಕೆ ಇಳಿಸಿ, ಬರ್ಸ್ಟ್‌ನಲ್ಲಿ ತೆಗೆಯಿರಿ.