ಗೋಕಾಕ ಫಾಲ್ಸ್‌ಗೆ ಈಗ ಹೋದ್ರ ನೀರು ಇರತದೇನ್ರಿ?

ಪ್ರಶ್ನೆ (ವಿಜಯಪುರ):
ನಮಸ್ಕಾರ್ರಿ ಎಲ್ಲಾರಿಗೂ. ಮುಂದಿನ ರವಿವಾರ ಅವ್ವ, ಮನಿಯಾಕಿ, ಇಬ್ರು ಹುಡುಗ್ರನ್ನ ಕರ್ಕೊಂಡು ಗೋಕಾಕಕ್ಕ ಹೋಗೋದಂತ ಮಾಡೀವಿ. ಹೋದ ವರ್ಷ ಮೇ ತಿಂಗಳದಾಗ ಹೋಗಿ ಬರೇ ಬಂಡಿಗಲ್ಲು ನೋಡ್ಕೊಂಡು ಬಂದೀವಿ, ಸಣ್ಣಾಂವ ಎಲ್ಲಾರ ಮುಂದ "ಪಪ್ಪಾ, ಫಾಲ್ಸ್ ಎಲ್ಲದ" ಅಂದು ಮರ್ಯಾದಿ ತಗದಾ. ಈಗ ಇಲ್ಲಿ ಮಳಿ ಛಲೋ ಆಗ್ಯಾದ, ಅಲ್ಲೂ ನೀರು ಬಂದಿರಬೇಕಲ್ಲ?

ಉತ್ತರ 1 (ಗೋಕಾಕ):
ಅಣ್ಣಾರ, ನಿಮ್ಮೂರ ಮಳಿ ಬಿಡ್ರಿ, ನಮ್ಮೂರ ಮಳಿ ನೋಡಿದ್ರೂ ಉಪಯೋಗ ಇಲ್ಲ. ಫಾಲ್ಸ್ ಘಟಪ್ರಭಾ ಹೊಳಿದು, ಅದು ಹುಟ್ಟೋದು ಪಶ್ಚಿಮ ಘಟ್ಟದಾಗ, ಅಲ್ಲಿ ಹೊಡೀಬೇಕು, ಆಮ್ಯಾಲ ನಡುವ ಹಿಡಕಲ್ ಡ್ಯಾಂ ಐತಿ, 51 ಟಿಎಂಸಿದ್ದು, ಅದು ತುಂಬಿ ಗೇಟ್ ತಗದ್ರಂದ್ರ ಮುಗೀತು, ಗೋಕಾಕದಾಗ ಬಿಸಲು ಚುರುಚುರು ಅಂತಿದ್ರೂ ಫಾಲ್ಸ್ ಭೋರ್ಗರೀತಿರತೈತಿ. ಅದಕ್ಕ ಹೊರಡೂ ಮುಂಚೆ ಹಿಡಕಲ್‌ನಿಂದ ನೀರು ಬಿಟ್ಟಾರೋ ಇಲ್ಲೋ ಅಂತ ಪೇಪರಿನ್ಯಾಗ ನೋಡ್ಕೊರ್ರಿ. ಜುಲೈದಿಂದ ಸಪ್ಟೆಂಬರ್ ತನಕ ಛಲೋ. ನೀರು ಬೆಳ್ಳಗ ಹಾಲಿನಂಗ ಇರತೈತಿ ಅನ್ಕೊಂಡ್ ಬರಬ್ಯಾಡ್ರಿ ಮತ್ತ, ಕೆಂಪ ಚಾದ ಬಣ್ಣ. ತುಷಾರ ಎಷ್ಟ್ ಹಾರತೈತಿ ಅಂದ್ರ ನನ್ನ ಚಸ್ಮಾ ಒರಿಸಿ ಹಾಕ್ಕೊಳ್ಳೂದ್ರಾಗ ಮತ್ತ ಮಬ್ಬ.

ಫಾಲ್ಸ್ ಊರಿಂದ 6 ಕಿ.ಮೀ.

ಉತ್ತರ 2 (ಬೆಳಗಾವಿ):
ಮಂದಿ ಗೋಕಾಕ ಫಾಲ್ಸ್‌ಗೆ ನಯಾಗರಾ ನಯಾಗರಾ ಅಂತಾರಲ್ಲ, ಅದು ಕುದುರಿ ಲಾಳದಂಗ ಬಾಗಿ ಬೀಳೂದಕ್ಕ. ಎತ್ತರ 52 ಮೀಟರ್, ಜೋಗ ನೋಡ್ರಿ 253, ಎತ್ತರಕ್ಕ ಹೋಲಿಸಿದ್ರ ನಾವು ಸೋತ್ವಿ, ಆದ್ರ ಅಗಲಾಗಿ ಬೀಳೂ ಖದರ್ ಬ್ಯಾರೆ. ನನಗ ಫಾಲ್ಸ್‌ಗಿಂತ ಬಾಜೂಕಿನ ನೂಲಿನ ಮಿಲ್ಲಿನ ಕಥಿ ಸೇರತೈತಿ. 1885ರಾಗ ಸುರು ಆದ ಕಂಪನಿ, ಹೆಸರೇ ಗೋಕಾಕ ವಾಟರ್ ಪವರ್ ಆ್ಯಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ, ಅಂದ್ರ ನೂಲಿಗಿಂತ ಮದಲ ನೀರಿನ ಬಲ! ನಾವು ಸೆಲ್ಫಿ ತಗೋಳೂ ನೀರು ಅವರಿಗೆ ಇಂಜಿನ್ ಆಗಿತ್ತು.

ಹೊಳಿ ಮ್ಯಾಲಿನ ತೂಗು ಸೇತುವೆ ಸುಮಾರು 200 ಮೀಟರ್ ಐತಿ. ನಾಕು ಮಂದಿ ಒಮ್ಮೆ ನಡದ್ರ ಸಾಕು, ಕಾಲ ಕೆಳಗ ಅಲ್ಲಾಡೂದು ಗೊತ್ತಾಗತೈತಿ, ನಮ್ಮವ್ವ ಅರ್ಧಕ್ಕ ನಿಂತು ಮಹಾಲಿಂಗೇಶ್ವರನ್ನ ನೆನಸಿದ್ಲು, ಅಂವನ ಚಾಲುಕ್ಯರ ಕಾಲದ ಗುಡಿನೂ ದಂಡಿಗೇ ಐತಿ. ಸೇತುವೆ ಬಂದ್ ಇಟ್ಟಿದ್ರ ಜಗಳಾ ಮಾಡಬ್ಯಾಡ್ರಿ. ಬಂಡಿ ಪಾಚಿಗಟ್ಟಿರತಾವ, ಹುಡುಗ್ರ ಕೈ ಮಾತ್ರ ಬಿಡಬ್ಯಾಡ್ರಿ.

ಕೇಳಿದಾಂವ:
ಬಾಳ ಉಪಕಾರ ಆತ್ರಿ. ಹಿಡಕಲ್ ಕಥಿ ಗೊತ್ತೇ ಇರಲಿಲ್ಲ ನೋಡ್ರಿ, ನಾ ಆಕಾಶ ನೋಡ್ಕೋತ ಕುಂತಿದ್ದೆ. ಒಂದ ದಿನದಾಗ ಮತ್ತೇನಾರ ನೋಡೂದು ಅದ ಏನು?

ಉತ್ತರ 3 (ಬಾಗಲಕೋಟೆ):
ಗೊಡಚಿನಮಲ್ಕಿ ಫಾಲ್ಸ್ ನೋಡ್ರಿ, ಅದು ಮಾರ್ಕಂಡೇಯ ಹೊಳಿದು, ಎರಡ ಮೆಟ್ಟಲಾಗಿ ಇಳೀತೈತಿ. ಅವ್ವಾರಿಗೆ ನಡಿಯೂದ್ ಆಗತೈತೋ ಇಲ್ಲೋ ಕೇಳ್ಕೊರಿ. ಮತ್ತ ಘಟಪ್ರಭಾ ಮುಂದ ನಮ್ಮ ಜಿಲ್ಲಾದಾಗ ಹಾದು ಕೃಷ್ಣಾ ಕೂಡಿ ಆಲಮಟ್ಟಿ ಡ್ಯಾಮಿಗೇ ಬರೂದು, ಅಂದ್ರ ನೀವು ನೋಡಿ ಬಂದ ನೀರು ನಿಮ್ಮ ಹಿಂದಿಂದನ ಬರತೈತಿ.

ಬರೂಮುಂದ ಗೋಕಾಕದ ಸಿಹಿ ಕರದಂಟು ತರ್ರಿ, ಕರಿದ ಅಂಟು ಅಂತನ ಅದಕ್ಕ ಆ ಹೆಸರು, ಅಂಟು ಕಟುಂ ಅನ್ನಬೇಕು. ಆದ್ರ ಖರೇ ಹೇಳಬೇಕಂದ್ರ ಕರದಂಟು ನಮ್ಮ ಅಮೀನಗಡದ್ದ ಛಲೋ.

ಉತ್ತರ 1 (ಗೋಕಾಕ):
ಫಾಲ್ಸ್ ಬಗ್ಗೆ ಏನಾರ ಅನ್ರಿ ಸುಮ್ಮನಿರತೇನಿ, ಕರದಂಟಿನ ತಂಟಿಗೆ ಬರಬ್ಯಾಡ್ರಿ 😄